ದೋಷ ಕಂಪ್ಯೂಟರಿನದೋ, ಗೇಮ್ ಕಂಪನಿಯದೋ?

ಮುಳಬಾಗಿಲು ತಾಲೂಕಿನ ದೇವರಾಯಸಮುದ್ರವಿರಲಿ, ಬೆಂಗಳೂರಿನ ಜಯನಗರವಿರಲಿ, ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರೇ ಅನೇಕ ಮನೆಗಳಲ್ಲಿ ಆಟದ ಯಂತ್ರವೂ ಹೌದು. ಹಣ ತೆತ್ತು ಕೊಂಡ ಜಪಾನಿ ವಿಡಿಯೋ ಗೇಮ್ ತಡವರಿಸಿದರೆ ಸಾಮಾನ್ಯವಾಗಿ ದೊರೆಯುವ ಸಲಹೆ ಒಂದೇ: ‘ಗ್ರಾಫಿಕ್ಸ್ ಕಾರ್ಡ್ ಬದಲಿಸಿ’. ಸಾವಿರಾರು ರೂಪಾಯಿ ಸುರಿಯುವ ಮುನ್ನ ದೋಷ ಯಾರದೆಂದು ವಿಚಾರಿಸುವುದು ಒಳಿತು.

ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗಾಗಿ ರೂಪಿಸಿದ ಆಟವನ್ನು ಕಂಪ್ಯೂಟರಿಗೆ ಹೊಂದಿಸುವ ಕೆಲಸವೇ ಪೋರ್ಟಿಂಗ್. ಒಂದು ಮಾದರಿಯ ಕನ್ಸೋಲ್ ಎಲ್ಲೆಡೆ ಒಂದೇ ಬಗೆಯದು. ಕಂಪ್ಯೂಟರ್ ಮನೆಗೊಂದು ಬಗೆ. ಪರದೆ, ಪ್ರೊಸೆಸರ್, ಮೌಸ್ ಎಲ್ಲಕ್ಕೂ ಹೊಂದಿಸಿ ಪರೀಕ್ಷಿಸಬೇಕು. ಕನ್ಸೋಲ್ ಮಾರುಕಟ್ಟೆಯನ್ನೇ ನೆಚ್ಚಿದ್ದ ಹಲವು ಜಪಾನಿ ಕಂಪನಿಗಳು ಈ ಶ್ರಮವನ್ನು ಬಹುಕಾಲ ಕಡೆಗಣಿಸಿದವು.

2012ರ ಆಗಸ್ಟ್‌ನಲ್ಲಿ ಕಂಪ್ಯೂಟರಿಗೆ ಬಂದ ‘ಡಾರ್ಕ್ ಸೋಲ್ಸ್’ ಇದಕ್ಕೆ ನಿದರ್ಶನ. ಯಂತ್ರ ಎಷ್ಟೇ ಬಲಶಾಲಿಯಾಗಿದ್ದರೂ ಆಟದ ಚಿತ್ರ 1024×720 ಪಿಕ್ಸೆಲ್ ಹಾಗೂ ಸೆಕೆಂಡಿಗೆ 30 ಫ್ರೇಮ್ ಮೀರುತ್ತಿರಲಿಲ್ಲ. ‘ಡುರಾಂಟೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಪ್ರೋಗ್ರಾಮರ್ ಪೀಟರ್ ಥೋಮನ್ ಚಿತ್ರದ ಮಿತಿಯನ್ನು ಕೆಲವೇ ಗಂಟೆಗಳಲ್ಲಿ ನಿವಾರಿಸಿ, ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಮುಂದೆ ಪ್ರಕಾಶಕರೇ ಅವರನ್ನು ಜಪಾನಿ ಆಟಗಳ ಪೋರ್ಟಿಂಗ್‌ಗೆ ಕರೆದರೆಂಬುದು ಗಮನಾರ್ಹ. 2017ರ ‘ನಿಯರ್: ಆಟೋಮೆಟಾ’ದ ದೋಷಗಳಿಗೆ ಅಧಿಕೃತ ಪರಿಹಾರ ಬಂದದ್ದು 2021ರ ಜುಲೈನಲ್ಲಿ! ಅಲ್ಲಿಯವರೆಗೆ ಆಟಗಾರರಿಗೆ ಅಭಿಮಾನಿಗಳ ತಿದ್ದುಪಡಿಯೇ ಗತಿಯಾಗಿತ್ತು.

ಪ್ಲೇಸ್ಟೇಷನ್ 3ರ ‘ಸೆಲ್’ ಪ್ರೊಸೆಸರ್ ಜಟಿಲವಾಗಿತ್ತೆಂಬುದು ನಿಜ. ಆದರೆ 2013ರಲ್ಲಿ ಬಂದ ಪ್ಲೇಸ್ಟೇಷನ್ 4ರ ಪ್ರೊಸೆಸರ್ ಕಂಪ್ಯೂಟರಿನ ವರ್ಗದ್ದೇ. ಆ ಸಬೂಬು ದುರ್ಬಲವಾದ ಬಳಿಕವೂ, 2025ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಮಾನ್‌ಸ್ಟರ್ ಹಂಟರ್ ವೈಲ್ಡ್ಸ್’ನ ಕಂಪ್ಯೂಟರ್ ಆವೃತ್ತಿಯ ಬಗ್ಗೆ ದೂರುಗಳ ಸುರಿಮಳೆಯಾಯಿತು.

ಹಾಗಾದರೆ ಗ್ರಾಹಕ ಮಾಡಬೇಕಾದ್ದೇನು? ಕಂಪನಿ ಸೂಚಿಸಿದ ಅರ್ಹತೆಯೆಲ್ಲ ತನ್ನ ಯಂತ್ರಕ್ಕಿದೆಯೇ ಎಂದು ಮೊದಲು ನೋಡಬೇಕು. ಇದ್ದೂ ಆಟ ಓಡದಿದ್ದರೆ ಹಣ ವಾಪಸು ಕೇಳುವುದೇ ಸರಿ. ‘ಸ್ಟೀಮ್’ ಮಳಿಗೆಯಲ್ಲಿ ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಈ ಅವಕಾಶವಿದೆ. ದೋಷ ಮೂರನೆಯ ಗಂಟೆಯಲ್ಲಿ ಕಂಡರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಇ-ವಾಣಿಜ್ಯ ವ್ಯಾಖ್ಯೆಯಲ್ಲಿ ಡಿಜಿಟಲ್ ಉತ್ಪನ್ನಗಳೂ ಸೇರಿವೆ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಅಂದರೆ ದೇವರಾಯಸಮುದ್ರದ ಗ್ರಾಹಕನಿಗೆ ಟೋಕಿಯೋ ದೂರವಾದರೂ ಕೋಲಾರದ ಜಿಲ್ಲಾ ಗ್ರಾಹಕ ಆಯೋಗ ದೂರವಲ್ಲ. ಸಹಾಯವಾಣಿ 1915ಕ್ಕೆ ಒಂದು ಕರೆಯಿಂದಲೂ ಆರಂಭಿಸಬಹುದು.

ಅಭಿಮಾನಿಯೊಬ್ಬ ಗಂಟೆಗಳಲ್ಲಿ ಮಾಡಿದ್ದನ್ನು ಕಂಪನಿ ಮಾಡದಿದ್ದರೆ ಅದು ಅಸಾಮರ್ಥ್ಯವಲ್ಲ, ಅಸಡ್ಡೆ. ಅದರ ದಂಡವನ್ನು ಹೊಸ ಗ್ರಾಫಿಕ್ಸ್ ಕಾರ್ಡಿನ ರೂಪದಲ್ಲಿ ಗ್ರಾಹಕ ತೆರಬೇಕಿಲ್ಲ.