ಥಂಡ್ಯಾಗ ಓಡಿದ್ರ ಯಾರ ಗಂಟು ಹೋಗ್ತದ?

ಈ ಸಲ ಉಪ್ಪಿನಕಾಯಿ ಇಲ್ಲ, ಮೆಂತ್ಯದ ಹಿಟ್ಟು ಇಲ್ಲ, ಹಳೇ ಪತ್ತಲದ ಕೌದಿ ಹೊಲಿಯೋದೂ ಇಲ್ಲ. ಈ ಸಲ ಜಗಳಾ ಅದ ಅಕ್ಕಾರ. ಅದೂ ನಿಮ್ಮ ಜೋಡಿನಽ. ಪೂರಾ ಓದ್ರಿ, ಆಮ್ಯಾಲೆ ಬೇಕಾದ್ರ ಫೋನ್ ಮಾಡಿ ಬಯ್ರಿ.

ವಿಷಯ ಏನಂದ್ರ, ಕಾರ್ತೀಕ ಮುಗಿದ ಮ್ಯಾಲೆ ನಾವು ಐದು ಮಂದಿ ಹೆಣ್ಣಮಕ್ಕಳು ವಾರಕ್ಕ ಮೂರು ದಿನ ಮುಂಜಾನೆ ಓಡ್ಲಿಕ್ಕೆ ಶುರು ಮಾಡಿದ್ವಿ. ಎಲ್ಲಾರೂ ಐವತ್ತರ ಆಚೆ-ಈಚೆ ಇದ್ದವರು. ಡಾಂಬರ್ ರಸ್ತೆ ಮ್ಯಾಲೆ ಅಲ್ಲ, ಧಾರವಾಡದ ಅಂಚಿನ ಮಣ್ಣಿನ ದಾರಿ ಮ್ಯಾಲೆ. ಒಂದಿನ ಕೆಲಗೇರಿ ಕೆರಿ ಕಡೆ, ಒಂದಿನ ಶಾಲ್ಮಲಾ ನದಿ ಹುಟ್ಟತದಲ್ಲ ಆ ಸೋಮೇಶ್ವರ ಗುಡಿ ಕಡೆ, ರವಿವಾರ ಸ್ವಲ್ಪ ದೂರ, ನುಗ್ಗಿಕೇರಿ ಹನುಮಪ್ಪನ ಕಡೆ ಹೊಲದ ಬಂಡಿ ದಾರಿ. ಓಡೋದು ಅಂದ್ರ ಪಿ.ಟಿ. ಉಷಾನ ಹಂಗ ಅಂತ ತಿಳಕೋಬ್ಯಾಡ್ರಿ. ಏರು ಬಂದಲ್ಲೆ ನಡಿಯೋದು, ಸಪಾಟ ಇದ್ದಲ್ಲೆ ಓಡೋದು, ಇಳುವಿನೊಳಗ ಸಣ್ಣ ಸಣ್ಣ ಹೆಜ್ಜಿ ಹಾಕೋದು. ಮಾತಾಡಿಕೋತ ಓಡ್ಲಿಕ್ಕೆ ಆಗ್ಬೇಕು, ಮಾತು ನಿಂತ್ರ ಓಟನೂ ನಿಂದ್ರಿಸಬೇಕು, ಇದು ನಮ್ಮ ಲೆಕ್ಕ. ಮಕ್ಕಳು ಇದಕ್ಕ ಟ್ರೇಲ್ ರನ್ನಿಂಗ್ ಅಂತಾರ. ನಾವು ಮಡ್ಡಿ ಓಟ ಅಂತೀವಿ.

ಐದು ಮಂದಿಯೊಳಗ ಈಗ ಒಬ್ಬಾಕಿ ಬರೋದು ಬಿಟ್ಟಾಳ. ಕಾಲು ಉಳುಕಿಲ್ಲ, ಜ್ವರಾ ಬಂದಿಲ್ಲ. ಒಂದು ಮುಂಜಿವಿ ಮನ್ಯಾಗ ಊಟಕ್ಕ ಕೂತಾಗ ಆಕಿ ಸಂಬಂಧಿಕರೊಬ್ಬರು ಎಲ್ಲಾರ ಮುಂದ, "ನಮ್ಮ ವೈನಿ ಈಗ ಒಲಿಂಪಿಕ್ಸಿಗೆ ಹೊಂಟಾರ, ಮನ್ಯಾಗ ನಮ್ಮಣ್ಣಗ ಚಹಾ ಕೇಳೋರಿಲ್ಲ" ಅಂದ್ರು. ಪಂಕ್ತಿಯವರೆಲ್ಲಾ ನಕ್ರು. ಆಕಿನೂ ನಕ್ಳು. ಮರುದಿನ ಮುಂಜಾನೆ ಫೋನ್ ಎತ್ತಲಿಲ್ಲ. ಆಕಿಗೆ ಸಕ್ರಿ ಗಡಿಗೆ ಬಂದು ನಿಂತದ, ದಿನಾ ಕಾಲಿಗೆ ಕೆಲಸ ಕೊಡ್ರಿ ಅಂತ ಡಾಕ್ಟರ್ ಬರದು ಕೊಟ್ಟಾರ. ಅಂಥಾಕಿನ್ನ ಒಂದು ಚ್ಯಾಷ್ಟಿ ಮಾತು ಮನ್ಯಾಗ ಕೂಡಿಸಿಬಿಡ್ತು. ಆ ಪಂಕ್ತಿಯೊಳಗ ನಕ್ಕವರೆಲ್ಲಾ ಹೆಣ್ಣಮಕ್ಕಳಽ ಇದ್ರು ಅನ್ನೋದು ನನಗ ಹೆಚ್ಚು ಕೆಡಕನಿಸಿದ್ದು. ಅದಕ್ಕಽ ಈ ಬರಹ.

ನಮ್ಮ ಕಿವಿಗೆ ಬಿದ್ದ ಮಾತುಗಳನ್ನ ಒಂದೊಂದಽ ತಗೋತೀನಿ.

ಮೊದಲನೇದು, "ಈ ವಯಸ್ಸಿನಾಗ ಯಾಕ ಬೇಕು?" ಪಂಜಾಬದ ಮನ್ ಕೌರ್ ಅನ್ನೋ ಅಜ್ಜಿ ಓಟ ಶುರು ಮಾಡಿದ್ದಽ 93ನೇ ವಯಸ್ಸಿಗೆ. 2017ರಾಗ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿ, 101 ವರ್ಷದಾಕಿ, ನೂರು ಮೀಟರ್ ಓಡಿ ಬಂಗಾರದ ಪದಕ ತಂದ್ರು. ಅವರ ಲೆಕ್ಕದಾಗ ನಾವಿನ್ನೂ ಲಂಗಾ ಹಾಕೋ ಹುಡುಗ್ಯಾರು. ಖರೇ ಹೇಳ್ಬೇಕಂದ್ರ ಈ ವಯಸ್ಸಿನಾಗಽ ಬೇಕು. ಮುಟ್ಟು ನಿಂತ ಮ್ಯಾಲೆ ನಾಕಾರು ವರ್ಷ ಎಲುಬು ಲಗೂನ ಸವೀತಾವ. ಎಲುಬಿಗೆ ಹಾಲು ಎಷ್ಟು ಬೇಕೋ, ಮೈಭಾರ ಹೊತ್ತು ನಡಿಯೋದು, ಜಿಗಿಯೋದು, ಓಡೋದೂ ಅಷ್ಟಽ ಬೇಕು.

ಎರಡನೇದು, "ಮನಿ ಕೆಲಸನಽ ವ್ಯಾಯಾಮ ಅಲ್ಲೇನು?" ನೀರು ಸೇದಿ, ಬೀಸಿ, ಕುಟ್ಟಿ ಮಾಡೋ ಕಾಲದಾಗ ಈ ಮಾತಿಗೆ ಅರ್ಥ ಇತ್ತು. ಈಗ ನಳಾ ಅದ, ಮಿಕ್ಸರ್ ಅದ. ಕೆಲಸ ಏನೂ ಕಡಿಮಿ ಆಗಿಲ್ಲ, ಮುಂಜಾನಿಂದ ರಾತ್ರಿ ತನಕಾ ನಿಂತಽ ಇರ್ತೀವಿ. ಆದ್ರ ದಮ್ಮು ಹತ್ತೋ ಕೆಲಸ ಎಷ್ಟದ ಹೇಳ್ರಿ? ಕಟ್ಟಿ ಮುಂದ ನಿಂತು ನಿಂತು ಹಿಮ್ಮಡ ನೋಯ್ತಾವ, ಬಗ್ಗಿ ಬಗ್ಗಿ ಸೊಂಟ ಹಿಡೀತದ, ಎದಿ ಬಡತ ಮಾತ್ರ ಇದ್ದಲ್ಲೇ ಇರ್ತದ. ವಾರಕ್ಕ 150 ನಿಮಿಷ ಆದ್ರೂ ದಮ್ಮು ಹತ್ತೋ ಹಂಗ ಬಿರುಸಾಗಿ ನಡೀರಿ, ಇಲ್ಲಾ 75 ನಿಮಿಷ ಓಡೋ ಅಂಥಾ ಜೋರಿನ ಕೆಲಸ ಮಾಡ್ರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. 75 ನಿಮಿಷ! ನಾವು ಒಂದು ಧಾರಾವಾಹಿಗೆ ಎರಡು-ಮೂರು ದಿನದಾಗ ಅಷ್ಟು ಹೊತ್ತು ಕೊಡ್ತೀವಿ.

ಮೂರನೇದು, "ಮೊಳಕಾಲು ಸವದು ಹೋಗ್ತಾವ." ಇದು ಅಂಜಿಕಿ ಮಾತು, ಕೇಳಲಿಕ್ಕೆ ಖರೇ ಅನಸ್ತದ. ಆದ್ರ ಹಿತಮಿತವಾಗಿ ಓಡೋರ್ನ, ಕೂತಽ ಇರೋರ್ನ ಹೋಲಿಸಿ ನೋಡಿದ ಅಧ್ಯಯನದೊಳಗ ಮೊಳಕಾಲು ಸವೆತ ಕೂತವರಿಗೇ ಹೆಚ್ಚು ಕಂಡದ. ಹಂಗಂತ ಇವತ್ತಽ ಎದ್ದು ಓಡ್ರಿ ಅಂತ ನಾ ಹೇಳೂದಿಲ್ಲ. ಈಗಾಗಲೇ ಕಾಲು ನೋವಿದ್ದವರು, ಬಿ.ಪಿ. ಇದ್ದವರು, ಎದಿ ತೊಂದರಿ ಇದ್ದವರು ಮೊದಲು ಡಾಕ್ಟರ್ನ ಕೇಳ್ರಿ. ಉಳಿದವರು ಒಂದು ತಿಂಗಳು ಬರೇ ನಡೀರಿ. ಮಣ್ಣಿನ ದಾರಿಯೊಳಗ ಮೊಳಕಾಲಿಗಿಂತ ಗಿಣ್ಣಿನ ಕಾಳಜಿ ಹೆಚ್ಚು. ಕಲ್ಲು, ಬೇರು, ಬಂಡಿ ಗಾಲಿ ಕೊರೆದ ತಗ್ಗು ಇರ್ತಾವ. ಕಣ್ಣು ಕಾಲ ಬುಡಕ್ಕ ಅಲ್ಲ, ನಾಕು ಹೆಜ್ಜಿ ಮುಂದ ಇರ್ಬೇಕು. ಚಪ್ಪಲಿ ನಡಿಯೂದಿಲ್ಲ, ಅಡಿ ಹಲ್ಲು-ಹಲ್ಲು ಇರೋ ಬೂಟ ಬೇಕು. ಎರಡು ಸೀರಿ ಖರ್ಚು ಅದಕ್ಕ ಹಾಕ್ರಿ.

ನಾಕನೇದು, "ಥಂಡಿ ಹೊಡೀತದ." ಜನವರ್ಯಾಗ ನಮ್ಮೂರಾಗ ಮುಂಜಾನೆ ಎಷ್ಟು ಥಂಡಿ ಇರ್ತದ, 14-15 ಡಿಗ್ರಿ. ಓಡೋರಿಗೆ ಇಂಥಾ ಹವಾ ಸಿಗೋದಽ ಪುಣ್ಯ. ಮೊದಲ ಹತ್ತು ನಿಮಿಷ ಸ್ವೆಟರ್, ಕಿವಿಗೆ ಸ್ಕಾರ್ಫು, ಆಮ್ಯಾಲೆ ಸ್ವೆಟರ್ ಸೊಂಟಕ್ಕ. ಬ್ಯಾಸಗಿಯೊಳಗ ಓಡಂದ್ರೂ ಓಡ್ಲಿಕ್ಕೆ ಆಗೂದಿಲ್ಲ.

ಥಂಡಿ ಮಾತು ಬಂತಲ್ಲ, ಒಬ್ಬಾಕಿ ಕಥಿ ಹೇಳ್ತೀನಿ. ಜಾಸ್ಮಿನ್ ಪ್ಯಾರಿಸ್ ಅಂತ, ಬ್ರಿಟನ್ನಿನಾಕಿ, ದನದ ಡಾಕ್ಟರು. ಅಲ್ಲಿ ಇಂಗ್ಲೆಂಡಿನ ಗುಡ್ಡದ ಬೆನ್ನು ಹಿಡಕೊಂಡು ಸ್ಕಾಟ್ಲೆಂಡ್ ಗಡಿ ತನಕಾ ಹೋಗೋ ಪೆನೈನ್ ವೇ ಅನ್ನೋ ಕಾಲ್ದಾರಿ ಅದ. 268 ಮೈಲು, ಅಂದ್ರ ಸುಮಾರು 430 ಕಿಲೋಮೀಟರ್. ಅದರ ಮ್ಯಾಲೆ ಸ್ಪೈನ್ ರೇಸ್ ಅನ್ನೋ ಓಟ ನಡಿಯೋದು ಜನವರಿ ತಿಂಗಳ ನಟ್ಟ ಚಳಿಯೊಳಗ. 2019ರಾಗ ಈಕಿ ಅದನ್ನ 83 ತಾಸಿನಾಗ ಮುಗಿಸಿ, ಗಂಡಸ್ರನ್ನೂ ಹಿಂದ ಹಾಕಿ ಎಲ್ಲಾರಿಗಿಂತ ಮೊದಲು ಬಂದ್ಳು. ಹಿಂದಿನ ದಾಖಲೆಗಿಂತ 12 ತಾಸು ಮೊದಲು. ಮನ್ಯಾಗ 14 ತಿಂಗಳ ಮಗಳು. ದಾರ್ಯಾಗ ತಂಗೋ ಠಾಣೆಗಳೊಳಗ ಕೂತು ಕೂಸಿನ ಸಲುವಾಗಿ ಎದಿ ಹಾಲು ಹಿಂಡಿ ಇಟ್ಟು ಮುಂದ ಓಡ್ತಿದ್ದಳು. ನಾವು ಆಕಿ ಹಂಗ ಆಗ್ಬೇಕಂತಲ್ಲ. ಹೆಣ್ಣಿನ ಮೈ ಚಳಿಗೆ ಕರಗೋ ಬೆಣ್ಣಿ ಅಲ್ಲ ಅಂತ ಗೊತ್ತಾಗ್ಲಿ ಅಂತ ಹೇಳಿದೆ.

ಈ ಅಂಜಿಸೋ ಮಾತು ನಮ್ಮೂರಾಗಽ ಹುಟ್ಟಿದ್ದೂ ಅಲ್ಲ. 1928ರ ಒಲಿಂಪಿಕ್ಸಿನಾಗ ಹೆಣ್ಣಮಕ್ಕಳು 800 ಮೀಟರ್ ಓಡಿ ದಣಿದ್ರು ಅಂತ ಪೇಪರಿನವರು ಏನೇನೋ ಬರದು, ಮತ್ತ ಆ ಓಟ ಹೆಣ್ಣಮಕ್ಕಳಿಗೆ ಸಿಕ್ಕದ್ದು 1960ಕ್ಕ. 32 ವರ್ಷ! ಗಂಡಸ್ರೂ ಓಡಿ ದಣಿದು ಬೀಳ್ತಾರ, ಅವರ ಓಟ ಯಾರೂ ಬಂದ್ ಮಾಡಲಿಲ್ಲ. 1967ರಾಗ ಬೋಸ್ಟನ್ ಮ್ಯಾರಥಾನಿನೊಳಗ ಕ್ಯಾಥರಿನ್ ಸ್ವಿಟ್ಜರ್ ಓಡೂಮುಂದ ಅಧಿಕಾರಿಯೊಬ್ಬ ಬೆನ್ನ ಹತ್ತಿ ಆಕಿ ಮೈ ಮ್ಯಾಲಿನ ನಂಬರ್ ಹರಿಲಿಕ್ಕೆ ನೋಡಿದ. ಆಕಿ ಓಟ ಮುಗಿಸಿಯೇ ಬಿಟ್ಳು. ನಮ್ಮನ್ನ ಯಾರೂ ಹಂಗ ಹಿಡದು ಎಳಿಯೂದಿಲ್ಲ. ಇಲ್ಲಿ ಪಂಕ್ತಿಯೊಳಗಿನ ಒಂದು ನಗಿ ಆ ಕೆಲಸ ಮಾಡ್ತದ.

ಐದನೇದು, "ನಾಯಿ, ನಿರ್ಜನ ದಾರಿ, ಏನಾದ್ರೂ ಆದ್ರ?" ಈ ಮಾತಿಗೆ ಮಾತ್ರ ನಾ ತಲಿ ಬಾಗಸ್ತೀನಿ, ಇದರೊಳಗ ಕಾಳಜಿ ಅದ. ಜನವರ್ಯಾಗ ಸೂರ್ಯ ಹುಟ್ಟೋದಽ ಏಳಕ್ಕ. ಅದಕ್ಕ ನಾವು ಕತ್ತಲಿದ್ದಾಗ ಹೊಲದ ದಾರಿಗೆ ಇಳಿಯೂದಿಲ್ಲ, ಆರೂವರಿ ಮ್ಯಾಲೆ ಬೆಳಕು ಹರದ ಮ್ಯಾಲೆನಽ. ಒಬ್ಬಾಕೇ ಯಾರೂ ಹೋಗೂದಿಲ್ಲ. ಎಲ್ಲಾರಿಗಿಂತ ಸಾವಕಾಶ ಓಡೋರು ಮುಂದ, ಲಗೂ ಓಡೋರು ಹಿಂದ, ಹಂಗಾಗಿ ಯಾರೂ ಹಿಂದ ಉಳಿಯೂದಿಲ್ಲ. ಎಲ್ಲೆ ಹೊಂಟೀವಿ ಅಂತ ಮನ್ಯಾಗ ಹೇಳೇ ಹೋಗ್ತೀವಿ. ಕುರಿ ಹಿಂಡಿನ ನಾಯಿ ಬಂದ್ರ ಓಟ ನಿಂದ್ರಿಸಿ, ಒಂದಽ ಕಡೆ ಕೂಡಿ ನಿಂತು, ಕುರುಬರ ಹುಡುಗ ಸೀಟಿ ಹೊಡಿಯೋ ತನಕಾ ಕಾಯ್ತೀವಿ. ಅಂಜಿಕಿಗೆ ಔಷಧ ಗೆಳತ್ಯಾರು. ನಿಮಗ ನಮ್ಮ ಕಾಳಜಿ ಇದ್ರ ಮನ್ಯಾಗ ಕೂಡ್ರಿ ಅನಬ್ಯಾಡ್ರಿ, ಆರನೇದಾಕಿ ಆಗಿ ಬರ್ರಿ.

ಬಂದ್ರ ಏನು ಸಿಗ್ತದ ಗೊತ್ತೇನು? ಒಂದಿನ ಮಂಜು ಎಷ್ಟು ಬಿದ್ದಿತ್ತಂದ್ರ ಕೆರಿ ಎಲ್ಲೆ, ಆಕಾಶ ಎಲ್ಲೆ ತಿಳೀಲಿಲ್ಲ, ನೀರಕೋಳಿ ಕೂಗೋದಷ್ಟಽ ಕೇಳ್ತಿತ್ತು. ಇನ್ನೊಂದಿನ ತಲಿಗಿಂತ ಎತ್ತರ ಬೆಳೆದ ಜ್ವಾಳದ ನಡುವಿನ ದಾರಿ ಹಿಡದು ಹೋಗಿ, ಯಾವುದೋ ಬ್ಯಾರೇ ರಸ್ತೆಗೆ ಹೊರಬಿದ್ದು, ಹಾಲಿನ ಕ್ಯಾನ್ ತುಂಬಿದ ಟೆಂಪೋದಾಗ ಕೂತು ಊರಿಗೆ ಬಂದ್ವಿ. ಡ್ರೈವರ್ ತಮ್ಮ ರೊಕ್ಕಾ ಮುಟ್ಟಲಿಲ್ಲ, "ಅವ್ವಾರ, ನಾಳೆನೂ ದಾರಿ ತಪ್ಪೋರಿದ್ರ ಹೇಳ್ರಿ" ಅಂದ. ಹೊಲದಾಗಿನ ಅಜ್ಜ ಒಬ್ಬ ಸೀತನಿ ಸುಟ್ಟು, ತಿಕ್ಕಿ, ಬಿಸಿ ಬಿಸಿ ಬೊಗಸಿಗೆ ಹಾಕಿದ. ಮದಿವಿ ಆಗಿ ಮೂವತ್ತು ವರ್ಷ ಆದ ಮ್ಯಾಲೆ, ಯಾರಿಗೂ ಬಡಿಸದಽ ಮೊದಲು ನಾವಽ ತಿಂದ ತಿನಿಸು ಅದು.

ಈಗ ಕಡೀ ಮಾತಿಗೆ ಬರ್ತೀನಿ, ಚಹಾದ ಮಾತಿಗೆ. ವಯಸ್ಸು, ಮೊಳಕಾಲು, ಥಂಡಿ ಎಲ್ಲಾ ಮ್ಯಾಲಿನ ಮುಸುಕು. ಧನುರ್ಮಾಸದಾಗ ನಾವು ನಾಕಕ್ಕ ಎದ್ದು, ತಣ್ಣೀರು ಸ್ನಾನಾ ಮಾಡಿ, ಹುಗ್ಗಿ ನೈವೇದ್ಯ ಮಾಡ್ತೀವಿ. ಆವಾಗ ಥಂಡಿ ಹೊಡೀತದ ಅಂತ ಯಾರಾದ್ರೂ ಅಂದಾರೇನು? ಬನದ ಹುಣ್ಣಿವಿ, ಭಾರತ ಹುಣ್ಣಿವಿಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕ ನಡಕೋತ ಹೋಗೋ ಹೆಣ್ಣಮಕ್ಕಳಿಗೆ ಮೊಳಕಾಲು ಸವೀತಾವ ಅಂತ ಅಂತೀವೇನು? ನಮ್ಮ ಮನಿಗೆ ಭಾಂಡೆ ತಿಕ್ಕಲಿಕ್ಕೆ ಬರೋ ಅಕ್ಕ ಅದಽ ಥಂಡ್ಯಾಗ, ಅದಽ ಕತ್ತಲದಾಗ ನಡದು ಬರ್ತಾಳ. ತಡಾ ಆದ್ರ ಯಾಕ ಓಡಿ ಬರಲಿಲ್ಲ ಅಂತ ಕೇಳ್ತೀವಿ.

ಮಹಾರಾಷ್ಟ್ರದ ಬಾರಾಮತಿಯೊಳಗ ಲತಾ ಕರೆ ಅನ್ನೋ ಅರವತ್ತು ದಾಟಿದ ಬಡವಿ, ಒಂಬತ್ತು ಗಜದ ಸೀರಿ ಉಟ್ಟು, ಬರಿಗಾಲಾಗ ಓಡಿ ಗೆದ್ದದ್ದು ನೆನಪಿರಬೇಕು. ಗಂಡನ ಔಷಧಕ್ಕ ರೊಕ್ಕಾ ಬೇಕಾಗಿತ್ತು. ಆಕಿ ಮ್ಯಾಲೆ ಮರಾಠಿಯೊಳಗ ಸಿನಿಮಾ ಬಂತು, ಆಕಿನಽ ಅದರಾಗ ಪಾತ್ರ ಮಾಡಿದ್ಳು. ನಾನೂ ಆಕಿಗೆ ಕೈ ಮುಗೀತೀನಿ. ಆದ್ರ ಒಂದು ಕೇಳ್ತೀನಿ. ಅದಽ ಹೆಣ್ಣಮಗಳು ಗಂಡನ ಔಷಧಕ್ಕ ಅಲ್ಲದಽ ತನ್ನ ಸಕ್ರಿ ಇಳೀಲಿ ಅಂತ, ಇಲ್ಲಾ ಬರೇ ತನಗ ಖುಷಿ ಆಗ್ತದ ಅಂತ ಓಡಿದ್ರ ನಾವು ಕೈ ಮುಗೀತಿದ್ವೇನು? ಮುಂಜಿವಿ ಪಂಕ್ತಿಯೊಳಗ ನಗ್ತಿದ್ವಿ.

ಹೆಣ್ಣಮಕ್ಕಳ ಕಾಲು ದೇವರ ಸಲುವಾಗಿ, ಗಂಡನ ಸಲುವಾಗಿ, ಮಕ್ಕಳ ಸಾಲಿ ಬಸ್ಸಿನ ಸಲುವಾಗಿ ಓಡಿದ್ರ ಯಾರಿಗೂ ನಗಿ ಬರೂದಿಲ್ಲ. ತನ್ನ ಸಲುವಾಗಿ ಒಂದು ತಾಸು ಓಡಿದ್ರ ಬರ್ತದ. ಈ ಲೆಕ್ಕ ನನಗ ಒಪ್ಪಿಗಿ ಇಲ್ಲ.

ಚಹಾದ ಸಮಸ್ಯಾ ಅಷ್ಟು ದೊಡ್ಡದೂ ಅಲ್ಲ. ರಾತ್ರಿ ಕಣಕ ನಾದಿ ಇಡ್ರಿ, ಪಲ್ಯಾ ಹೆಚ್ಚಿ ಇಡ್ರಿ. ಮೊಬೈಲಿನಾಗ ಕರೆಂಟ್ ಬಿಲ್ ಕಟ್ಟೋ ಗಂಡಸರಿಗೆ ಗ್ಯಾಸ್ ಹಚ್ಚಲಿಕ್ಕೆ ಬರ್ತದ. ಮೊದಲ ವಾರ ಹಾಲು ಉಕ್ಕಸ್ತಾರ, ಎರಡನೇ ವಾರ ಕಲೀತಾರ. ಮನ್ಯಾಗ ಹಾಸಿಗಿ ಹಿಡದವರು ಇದ್ದು ಹೊರಗ ಬರಲಿಕ್ಕೇ ಆಗದವರೂ ಇದ್ದಾರ, ನನಗ ಗೊತ್ತದ. ಅಂಥಾಕಿ ಮನಿಗೆ ವಾರಕ್ಕೊಮ್ಮೆ ನಾವು ಯಾರಾದ್ರೂ ಹೋಗಿ ಒಂದು ತಾಸು ಕೂತ್ರ ಆಕಿನೂ ಹೊರಗಿನ ಗಾಳಿ ತಗೋತಾಳ.

ನಿಮ್ಮ ಕಡಿಂದ ನನಗ ಬೇಕಾದ್ದು ಎರಡಽ. ಸೊಸಿ, ನಾದಿನಿ, ಬಾಜು ಮನಿಯಾಕಿ ಯಾರಽ ಬೂಟ ಹಾಕ್ಕೊಂಡು ಹೊಂಟ್ರ ಎಲ್ಲಿಗೆ ಅಂತ ಕೇಳ್ರಿ, ಯಾಕ ಅಂತ ಕೇಳಬ್ಯಾಡ್ರಿ. ಯಾರರ ಚ್ಯಾಷ್ಟಿ ಮಾಡಿದ್ರ ನೀವು ನಗಬ್ಯಾಡ್ರಿ. ನಗವರು ಇಲ್ಲಂದ್ರ ಆ ಮಾತು ಅಲ್ಲೇ ಸತ್ತು ಹೋಗ್ತದ. ಓಡ್ಲಿಕ್ಕೆ ಒಲ್ಲೆ ಅಂದ್ರೂ ನಡೀತದ, ಶೇಂಗಾ ಉಂಡಿ ಕಟ್ಟಿದಾಗ ನಮ್ಮ ಸಲುವಾಗಿ ಐದು ತಗದು ಇಡ್ರಿ. ಏರು ಹತ್ತಿ ಇಳಿಯೋದ್ರಾಗ ಭಾಳ ಹಸಿವಿ ಆಗ್ತದ.