ಭೂಮಿ ಯಾಕ ಹಿಂಗಾತು?

ನನ್ನ ಫೋನಿನಲ್ಲಿ ಅರ್ಧಕ್ಕೆ ನಿಂತ ಆನ್‌ಲೈನ್ ಕೋರ್ಸುಗಳು 11 ಇದ್ದವು. ಕ್ಲೌಡ್, ಮಷೀನ್ ಲರ್ನಿಂಗ್, ಷೇರು ಮಾರುಕಟ್ಟೆ, ಜಪಾನಿ ಭಾಷೆ, ಇನ್ನೂ ಏನೇನೋ. ಕಲಿಯದಿದ್ದರೆ ಎಲ್ಲಿ ಹಿಂದೆ ಬೀಳ್ತೀನೋ ಅನ್ನೋ ಭಯಕ್ಕೇ ಬಹಳಷ್ಟಕ್ಕೆ ಸೇರಿದ್ದೆ.

ಕಳೆದ ಸಲ ಸುರಪುರದ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪ ಹೊಲಕ್ಕೆ ಕರಕೊಂಡು ಹೋದ. ನಾರಾಯಣಪುರ ಎಡದಂಡೆ ಕಾಲುವೆ ನೀರು ಬಂದ ಮೇಲೆ ಜೋಳ ಬಿಟ್ಟು ಭತ್ತ ಹಿಡಿದ ಹೊಲ. ತಗ್ಗಿನ ಕಡೆಯ ಅರ್ಧ ಎಕರೆ ಸುಣ್ಣ ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. "ಇಷ್ಟೆಲ್ಲ ಓದೀದಿ, ಭೂಮಿ ಯಾಕ ಹಿಂಗಾತು ಹೇಳು" ಅಂದ. ಸವಳು ಅನ್ನೋ ಹೆಸರು ಅವನಿಗೂ ಗೊತ್ತು. ಕೇಳಿದ್ದು ಕಾರಣ. ನಾನು ಸುಮ್ಮನೆ ನಿಂತೆ.

ರಾತ್ರಿ ಟೇಲರ್ ಸಾಹೇಬ ನೆನಪಾದ. ಸುರಪುರದವರಿಗೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಗೊತ್ತೇ ಇರುತ್ತದೆ. 15ನೇ ವಯಸ್ಸಿಗೇ ಭಾರತಕ್ಕೆ ಬಂದ ಮೆಡೋಸ್ ಟೇಲರ್ ಸರ್ವೆ, ಎಂಜಿನಿಯರಿಂಗ್, ಕಾನೂನು, ಭೂವಿಜ್ಞಾನ ಎಲ್ಲವನ್ನೂ ತಾನೇ ಓದಿ ಕಲಿತವನು. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ಅವನ ಕೈಗೆ ಬಂತು. ಈ ಸೀಮೆಯ ಶಿಲಾ ಸಮಾಧಿಗಳನ್ನು ಅಗೆದು, ಅಳೆದು ಬರೆದಿಟ್ಟ. ಬ್ರಿಟಿಷರ ಅಧಿಕಾರಿ ಅನ್ನೋದನ್ನು ಮರೆಯಬೇಕಿಲ್ಲ. ಆದರೆ ಅವನು ಕಲಿತದ್ದಕ್ಕೆ ನಿಂತ ನೆಲದಲ್ಲೇ ಕೆಲಸ ಕಾದಿತ್ತು. ನನ್ನ 11ರಲ್ಲಿ ಎಷ್ಟಕ್ಕೆ ಹಾಗೆ ಕೆಲಸ ಕಾದಿದೆ?

ಕ್ಲೌಡ್ ಬಿಡುವಂತಿಲ್ಲ, ಸಂಬಳ ಅದರದೇ. ಜಪಾನಿ ಖುಷಿಗೆ ಇರಲಿ ಅಂತ ಉಳಿಸಿಕೊಂಡೆ. (ಖುಷಿಯೂ ಒಂದು ಕಾರಣವೇ ಅಲ್ವಾ!) ಉಳಿದ 9 ಅಳಿಸಿದೆ.

ನಾಲ್ಕು ಭಾನುವಾರ ಸವಳಿಗೆ ಕೊಟ್ಟೆ. ನಮ್ಮ ಎರಿ ಭೂಮಿಯಲ್ಲಿ ನೀರು ಬೇಗ ಬಸಿಯೋದಿಲ್ಲ. ಭತ್ತಕ್ಕೆ ತಿಂಗಳುಗಟ್ಟಲೆ ನಿಲ್ಲಿಸಿದ ನೀರಿನಿಂದ ನೆಲದಡಿಯ ನೀರು ಮೇಲೇರುತ್ತದೆ. ಬಿಸಿಲಿಗೆ ಅದು ಆವಿಯಾಗಿ ಹೋಗುತ್ತದೆ, ಹೊತ್ತು ತಂದ ಉಪ್ಪು ಮೇಲೇ ಉಳಿಯುತ್ತದೆ. ಊರಲ್ಲಿ ಎಲ್ಲರೂ "ಜಿಪ್ಸಂ ಹಾಕ್ರಿ" ಅಂತಾರೆ. ಜಿಪ್ಸಂ ಬೇಕಾಗೋದು ಸೋಡಿಯಂ ಹೆಚ್ಚಾದ ಮಣ್ಣಿಗೆ. ಬರೀ ಉಪ್ಪಾದರೆ ಬಸಿಗಾಲುವೆ ತೋಡಿ, ಒಳ್ಳೆ ನೀರು ಬಿಟ್ಟು ತೊಳೆಯಬೇಕು. ನಮ್ಮದು ಯಾವುದು ಅಂತ ಮಣ್ಣು ಪರೀಕ್ಷೆಯೇ ಹೇಳಬೇಕು.

ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, "ಖರೆ ಅದ. ಬಸಿಗಾಲುವಿ ನೀರು ಯಾರ ಹೊಲಕ್ಕ ಬಿಡೂದು?" ಅಂದ.

ಕೆಳಗಿನ ಹೊಲ ಕಾಕಾಂದು. ಮಣ್ಣಿನ ಚೀಲ ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿದೆ. ಈ ಭಾನುವಾರ ಕಾಕಾನ ಜೊತೆ ಮಾತಾಡಬೇಕು.