ಹಳಿ ಬಂದಿದೆ, ವೇಳೆ ಬರಬೇಕು

ಮುಂಬಯಿಯ ಉಪನಗರ ರೈಲುಗಳ ಮಾತೆತ್ತಿದೊಡನೆ, ಅದು ಮಹಾನಗರಗಳ ವಿಷಯ, ಕೊಪ್ಪಳ ಕುಷ್ಟಗಿಗಳಿಗೆ ಅದರಿಂದ ಆಗಬೇಕಾದುದೇನು ಎಂದು ಕೇಳುವವರುಂಟು. ಈ ಮಾತನ್ನು ನಾವು ಒಪ್ಪಲಾರೆವು.

1925ರ ಫೆಬ್ರವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ಮುಂಬಯಿಯ ಬೋರಿಬಂದರಿನಿಂದ ಕುರ್ಲಾದವರೆಗೆ ಓಡಿತು. 1931ರಲ್ಲಿ ಮದ್ರಾಸಿನ ಬೀಚ್-ತಾಂಬರಂ ಮಾರ್ಗವೂ ವಿದ್ಯುತ್ತನ್ನು ಪಡೆಯಿತು. ಇಂತಹ ಬಂಡಿಗೆ ಪ್ರತ್ಯೇಕ ಎಂಜಿನ್ ಇರುವುದಿಲ್ಲ. ಮೋಟಾರುಗಳು ಹಲವು ಗಾಲಿಗಳಿಗೆ ಹಂಚಿಹೋಗಿರುತ್ತವೆ. ಆದುದರಿಂದ ನಿಂತ ಬಂಡಿ ಬೇಗನೆ ವೇಗವನ್ನು ಪಡೆಯುತ್ತದೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆಯಿರುವುದರಿಂದ ಬಂದ ದಾರಿಯಲ್ಲಿಯೇ ತಡವಿಲ್ಲದೆ ಮರಳುತ್ತದೆ. ಈ ಏರ್ಪಾಟಿನ ಗುರಿ ಒಂದೇ: ಮೇಲಿಂದ ಮೇಲೆ ಬಂಡಿ.

ಇದರ ಬೆಲೆಯನ್ನು ಸರಳ ಗಣಿತವೇ ತೋರಿಸುತ್ತದೆ. ಆರು ಗಂಟೆಗೊಮ್ಮೆ ಬಂಡಿಯಿದ್ದರೆ, ವೇಳೆಯನ್ನು ನೋಡದೆ ಬಂದವನು ಸರಾಸರಿ ಮೂರು ಗಂಟೆ ಕಾಯಬೇಕು. ಗಂಟೆಗೊಂದಿದ್ದರೆ ಅರ್ಧ ಗಂಟೆ ಸಾಕು. ಐವತ್ತು ಕಿಲೋಮೀಟರಿನ ಪ್ರಯಾಣದಲ್ಲಿ ವೇಗವನ್ನು ಇಮ್ಮಡಿಗೊಳಿಸಿದರೂ ಇಷ್ಟು ಕಾಲ ಉಳಿಯದು.

ಕೊಪ್ಪಳವು ರೈಲನ್ನು ಕಂಡುದು ಹತ್ತೊಂಬತ್ತನೆಯ ಶತಮಾನದಲ್ಲಿ. ಗಂಗಾವತಿಗೆ ಅದು ಬಂದುದು 2019ರಲ್ಲಿ. ಯಲಬುರ್ಗಾ ಮಾರ್ಗವಾಗಿ ಕುಷ್ಟಗಿಯನ್ನು ಮುಟ್ಟಿದುದು 2025ರ ಮೇ ತಿಂಗಳಿನಲ್ಲಿ. ಗಂಗಾವತಿಯ ಹಳಿ ಗಿಣಿಗೇರಾದಲ್ಲಿಯೂ ಕುಷ್ಟಗಿಯ ಹಳಿ ತಳಕಲ್ಲಿನಲ್ಲಿಯೂ ಹುಬ್ಬಳ್ಳಿ-ಗುಂತಕಲ್ಲು ಮಾರ್ಗವನ್ನು ಸೇರುತ್ತವೆ. ಇವೆರಡರ ನಡುವೆ ಕೊಪ್ಪಳವಿದೆ. ಬೆಂಗಳೂರಿನ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ದೊರೆತಾಗ ಸುಮಾರು 148 ಕಿಲೋಮೀಟರು ಮಾರ್ಗವನ್ನು ನಿರ್ಮಿಸಬೇಕಾಗಿತ್ತು. ನಮ್ಮ ನಾಲ್ಕು ಊರುಗಳಿಗಾದರೋ ಹಳಿ ಈಗಾಗಲೇ ಇದೆ!

ಮುಂಬಯಿಯಷ್ಟು ಜನ ಇಲ್ಲಿಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಅದಕ್ಕೆ ಉತ್ತರ ಚಿಕ್ಕ ಬಂಡಿ, ಅಪರೂಪದ ಬಂಡಿಯಲ್ಲ. ಕವಲುಮಾರ್ಗ ಒಂಟಿ ಹಳಿಯದೆಂಬುದೂ ದೊಡ್ಡ ಅಡ್ಡಿಯಲ್ಲ. ಬಂಡಿಗಳು ಪರಸ್ಪರ ದಾಟುವ ಎರಡು ನಿಲ್ದಾಣಗಳ ನಡುವಣ ಓಟ ಇಪ್ಪತ್ತು ನಿಮಿಷದ್ದಾದರೆ, ಗಂಟೆಗೆ ಎರಡು ಕಡೆಗೂ ಒಂದೊಂದು ಬಂಡಿಯನ್ನು ಬಿಡಬಹುದು. ಪೂರ್ಣ ಸೇವೆಗೆ ಕಾಲ ಬೇಕಾದರೆ, ಮೊದಲು ಬೆಳಿಗ್ಗೆ ಮತ್ತು ಸಂಜೆಯ ವೇಳೆಯನ್ನಾದರೂ ಸರಿಪಡಿಸಲಿ.

ವಿದ್ಯಾರ್ಥಿಮಿತ್ರರೇ, ನಿಮ್ಮ ಕಾಲೇಜಿನ ಗಂಟೆಯನ್ನೂ ರೈಲಿನ ವೇಳಾಪಟ್ಟಿಯನ್ನೂ ಅಕ್ಕಪಕ್ಕದಲ್ಲಿ ಬರೆದು ನೋಡಿರಿ. ಅವೆರಡೂ ಕೂಡದಿದ್ದರೆ, ನಿಮ್ಮೂರಿಗೆ ಹಳಿ ಬಂದಿದೆಯೇ ಹೊರತು ರೈಲು ಇನ್ನೂ ಬಂದಿಲ್ಲ. ಆ ಲೆಕ್ಕವನ್ನು ಅಧಿಕಾರಿಗಳ ಮುಂದಿಡುವುದು ನಿಮ್ಮ ಹಕ್ಕು, ಕರ್ತವ್ಯವೂ ಹೌದು.